ಪೇಟೆಂಟ್ ಬೇಗ ಬೇಕು, ಸರಿ. ಎಲ್ಲಿ ಬೇಗ ಬೇಕು?

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಶೆಡ್ ಇದೆ. ಮೂರು ಸಿಎನ್‌ಸಿ, ಎರಡು ಲೇತ್. ಕೂಲಂಟ್, ಅಂದರೆ ಲೋಹ ಕತ್ತರಿಸುವಾಗ ತಂಪಿಗೆ ಬಿಡುವ ದ್ರವ, ಅದರ ಟ್ಯಾಂಕಿನ ಮೇಲೆ ತೇಲುವ ಎಣ್ಣೆಯನ್ನು ತೆಗೆಯುವ ಸಾಧನವೊಂದನ್ನು ನಾನೇ ಮಾಡಿದ್ದೇನೆ. ಹದಿನೇಳು ತಿಂಗಳ ಹಿಂದೆ ನನ್ನ ಹೆಸರಲ್ಲೇ ಭಾರತದಲ್ಲಿ ಪೇಟೆಂಟ್ ಅರ್ಜಿ ಹಾಕಿ, ಪರೀಕ್ಷೆ ಮಾಡಿ ಎಂದು ಕೇಳುವ ಫಾರ್ಮ್ 18 ಕೂಡ ಕೊಟ್ಟೆ. ವರ್ಷ ತುಂಬುವುದರೊಳಗೆ ಪಿಸಿಟಿ ಅರ್ಜಿಯನ್ನೂ, ಅಂದರೆ ಹಲವು ದೇಶಗಳಿಗೆ ಸೇರಿಸಿ ಹಾಕುವ ಒಂದೇ ಅರ್ಜಿಯನ್ನೂ, ಹಾಕಿದೆ. ಸರ್ಚ್ ಮಾಡಲು, ಅಂದರೆ ಇಂಥದ್ದು ಮೊದಲೇ ಇದೆಯಾ ಎಂದು ಹಳೆಯ ದಾಖಲೆ ಹುಡುಕಲು, ಭಾರತದ ಕಚೇರಿಯನ್ನೇ ಆರಿಸಿದ್ದೆ. ಕಳೆದ ವಾರ ಅದರ ರಿಪೋರ್ಟ್ ಬಂತು. ಕ್ಲೇಮ್ ಅಂದರೆ 'ಇದು ನನ್ನ ಹಕ್ಕು' ಎಂದು ಅರ್ಜಿಯಲ್ಲಿ ಬರೆದ ಅಂಶ; 1ರಿಂದ 3ನೇ ಕ್ಲೇಮ್‌ಗೆ 'ಎಕ್ಸ್' ಎಂದು, 4ರಿಂದ 7ಕ್ಕೆ 'ಎ' ಎಂದು ಹಾಕಿದ್ದಾರೆ. ಈ ನಡುವೆ ಪೀಣ್ಯದಲ್ಲಿ ಒಬ್ಬರು ಇದನ್ನೇ ನಕಲು ಮಾಡಿ ಮಾರುತ್ತಿದ್ದಾರೆ. ಇಂಗ್ಲೆಂಡಿನ ಡೀಲರ್ ಒಬ್ಬರು 'ಪೇಟೆಂಟ್ ಸಿಕ್ಕಿತಾ' ಎಂದು ಪದೇ ಪದೇ ಕೇಳುತ್ತಾರೆ. ಜಪಾನಿನ ಒಂದು ಕಂಪನಿ ಸ್ಯಾಂಪಲ್ ತರಿಸಿಕೊಂಡಿದೆ. ಪರಿಚಯದವರೊಬ್ಬರು ಮೂರೂವರೆ ಲಕ್ಷ ಕೊಟ್ಟರೆ ಫಾಸ್ಟ್ ಟ್ರ್ಯಾಕ್‌ನಲ್ಲಿ ಆರು ತಿಂಗಳಿಗೆ ಇಂಟರ್‌ನ್ಯಾಷನಲ್ ಪೇಟೆಂಟ್ ಮಾಡಿಸಿಕೊಡುತ್ತೇನೆ ಅನ್ನುತ್ತಾರೆ. ಹೆಂಡತಿ ಹೆಸರು ಸೇರಿಸಿದರೆ ಇನ್ನೂ ಬೇಗ ಆಗುತ್ತದಂತೆ. ಎರಡನೇ, ಸುಧಾರಿಸಿದ ಮಾದರಿಯೂ ರೆಡಿ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಜೊತೆ ಕಳಿಸಿದ ಫೋಟೋ ನೋಡಿದೆ. ಭಾನುವಾರ ರಜೆ ಮುಗಿಸಿ ಸೋಮವಾರ ಬೆಳಿಗ್ಗೆ ಶೆಡ್ ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದಲ್ಲ, ಅದಕ್ಕೆ ಮದ್ದು ಹುಡುಕಿದ್ದೀರಿ. ಮೆಷಿನ್‌ನ ಭಾಗಗಳು ಜಾರುವ ಹಳಿಗೆ ಹಾಕುವ ಸ್ಲೈಡ್‌ವೇ ಎಣ್ಣೆ ಸೋರಿ ಬಂದು ಕೂಲಂಟ್ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ. ಕೆಳಗೆ ಗಾಳಿ ಹೋಗುವುದಿಲ್ಲ. ಮೆಷಿನ್ ನಿಂತ ಒಂದೂವರೆ ದಿನದಲ್ಲಿ ಬ್ಯಾಕ್ಟೀರಿಯಾ ಬೆಳೆದು ಟ್ಯಾಂಕ್ ನಾರುತ್ತದೆ. ಆಪರೇಟರ್‌ಗಳ ಕೈಗೆ ತುರಿಕೆ, ಕೂಲಂಟ್ ಖರ್ಚೂ ಜಾಸ್ತಿ. ಇದನ್ನು ತಡೆಯುವ ಕೆಲಸ ಸಣ್ಣದಲ್ಲ. ಅದನ್ನು ಕಾಪಾಡಿಕೊಳ್ಳಬೇಕು ಅನ್ನುವ ನಿಮ್ಮ ಆತಂಕ ಸರಿಯಾಗಿದೆ.

ಮೊದಲು ಒಂದು ಮಾತು ಬಿಡಿಸಿ ಹೇಳುತ್ತೇನೆ. 'ಇಂಟರ್‌ನ್ಯಾಷನಲ್ ಪೇಟೆಂಟ್' ಅನ್ನುವ ವಸ್ತು ಇಲ್ಲ. ಆರು ತಿಂಗಳಿಗೂ ಸಿಗುವುದಿಲ್ಲ, ಅರವತ್ತು ತಿಂಗಳಿಗೂ ಸಿಗುವುದಿಲ್ಲ. ಪಿಸಿಟಿ ಅನ್ನುವುದು 1970ರಲ್ಲಿ ವಾಷಿಂಗ್ಟನ್‌ನಲ್ಲಿ ಆದ ಒಪ್ಪಂದ. 1978ರಲ್ಲಿ ಜಾರಿಗೆ ಬಂತು. ಭಾರತ ಸೇರಿದ್ದು 1998ರ ಡಿಸೆಂಬರ್ 7ರಂದು. ಇದರಲ್ಲಿ ಅರ್ಜಿ ಒಂದೇ, ಆದರೆ ಪೇಟೆಂಟ್ ಕೊಡುವುದು ಆಯಾ ದೇಶದ ಕಚೇರಿಯೇ. ಜಿನೀವಾದಲ್ಲಿರುವ ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅರ್ಜಿಯನ್ನು ನೋಡಿಕೊಳ್ಳುತ್ತದೆ, ಪ್ರಕಟಿಸುತ್ತದೆ, ಅಷ್ಟೇ. ಮಂಜೂರು ಮಾಡುವ ಅಧಿಕಾರ ಅದಕ್ಕಿಲ್ಲ.

ಹಾಗಾದರೆ ಪಿಸಿಟಿಗೆ ದುಡ್ಡು ಕೊಟ್ಟು ನೀವು ಕೊಂಡದ್ದು ಏನು? ಸಮಯ. ಭಾರತದಲ್ಲಿ ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಿದರೆ ಜಪಾನಿಗೆ 30 ತಿಂಗಳು, ಇಂಗ್ಲೆಂಡಿಗೆ 31 ತಿಂಗಳು ಸಮಯವಿದೆ. ಅಷ್ಟರೊಳಗೆ ಆಯಾ ದೇಶಕ್ಕೆ ಹೋಗಿ, ಅಲ್ಲಿನ ಶುಲ್ಕ ಕಟ್ಟಿ, ಬೇಕಾದರೆ ಅನುವಾದ ಕೊಟ್ಟು 'ನನ್ನ ಅರ್ಜಿ ಪರೀಕ್ಷಿಸಿ' ಎನ್ನಬೇಕು. ಅಲ್ಲಿಯವರೆಗೆ ನಿಮ್ಮ ಸ್ಥಾನ ಭದ್ರ. ಆರ್ಡರ್ ಬರುತ್ತದೋ ಇಲ್ಲವೋ ನೋಡಿಕೊಂಡು ಖರ್ಚು ಮಾಡಬಹುದು. ಎಲ್ಲ ದೇಶದಲ್ಲೂ ಈಗಲೇ ಫಾಸ್ಟ್ ಟ್ರ್ಯಾಕ್ ಬೇಕು ಎಂದರೆ, ದುಡ್ಡು ಕೊಟ್ಟು ಕೊಂಡ ಸಮಯವನ್ನು ನೀವೇ ಬಿಟ್ಟುಕೊಟ್ಟ ಹಾಗೆ. ಆದ್ದರಿಂದ ನಿಮಗೆ ಆತುರ ಇರುವುದು ಎಲ್ಲಿ ಅನ್ನುವುದನ್ನು ಮೊದಲು ನೋಡಬೇಕು.

ನಕಲು ಆಗುತ್ತಿರುವುದು ಪೀಣ್ಯದಲ್ಲಿ. ಪೇಟೆಂಟ್ ಹಕ್ಕು ಆಯಾ ದೇಶದ ಗಡಿಯೊಳಗೆ ಮಾತ್ರ ನಡೆಯುತ್ತದೆ. ನಾಳೆ ಇಂಗ್ಲೆಂಡಿನ ಪೇಟೆಂಟ್ ನಿಮ್ಮ ಕೈಗೆ ಬಂದರೂ ಪೀಣ್ಯದವರನ್ನು ಅದರಿಂದ ತಡೆಯಲು ಆಗುವುದಿಲ್ಲ. ಅದೇ ಭಾರತದ ಪೇಟೆಂಟ್ ಇದ್ದರೆ ಇಲ್ಲಿ ತಯಾರಿಸುವುದನ್ನೇ ನಿಲ್ಲಿಸಬಹುದು. ಅವರು ಇಲ್ಲಿ ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದರೂ ಅಷ್ಟೇ, ಏಕೆಂದರೆ ಮಾಡುವುದೇ ಉಲ್ಲಂಘನೆ. ಅಂದರೆ ನಿಮಗೆ ವೇಗ ಬೇಕಿರುವುದು ಕರ್ನಾಟಕದ ಅರ್ಜಿಗಳನ್ನು ನೋಡುವ ಚೆನ್ನೈ ಪೇಟೆಂಟ್ ಕಚೇರಿಯಲ್ಲಿ. ಅಲ್ಲಿ ಬೇಗ ಆಗುವ ದಾರಿ ನಿಮಗೆ ತೆರೆದೇ ಇದೆ. ಅದೂ ಮೂರೂವರೆ ಲಕ್ಷಕ್ಕಲ್ಲ.

ನಮ್ಮ ಪೇಟೆಂಟ್ ನಿಯಮಗಳಲ್ಲಿ 24ಸಿ ಎಂದು ಒಂದು ನಿಯಮ ಇದೆ. 2016ರಲ್ಲಿ ಬಂತು, 2019ರಲ್ಲಿ ವಿಸ್ತರಿಸಿದರು. ಶೀಘ್ರ ಪರೀಕ್ಷೆಯನ್ನು ಯಾರು ಕೇಳಬಹುದು ಅನ್ನುವುದು ಅದರಲ್ಲಿದೆ. ಮಾನ್ಯತೆ ಪಡೆದ ಸ್ಟಾರ್ಟಪ್‌ಗಳು, ಸಣ್ಣ ಉದ್ಯಮಗಳು, ಸರ್ಕಾರಿ ಸಂಸ್ಥೆಗಳು ಕೇಳಬಹುದು. ಅರ್ಜಿದಾರರು ವ್ಯಕ್ತಿಗಳಾಗಿದ್ದರೆ ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ನಿಮ್ಮ ಪರಿಚಯದವರು 'ಹೆಂಡತಿ ಹೆಸರು ಸೇರಿಸಿ' ಅಂದದ್ದು ಇದನ್ನೇ ಕೇಳಿಕೊಂಡು. ಒಬ್ಬ ಪುರುಷ, ತನ್ನೊಬ್ಬನ ಹೆಸರಲ್ಲಿ ಅರ್ಜಿ ಹಾಕಿದ್ದರೆ, ಮೇಲಿನ ಯಾವ ಬಾಗಿಲೂ ಅವನಿಗೆ ತೆರೆಯುವುದಿಲ್ಲ ನಿಜ. ಆದರೆ ಅದೇ ನಿಯಮದಲ್ಲಿ ಮೊದಲನೆಯದಾಗಿಯೇ ಇನ್ನೊಂದು ಬಾಗಿಲಿದೆ, ಅದನ್ನು ತುಂಬ ಜನ ಓದುವುದೇ ಇಲ್ಲ. ಸಂಬಂಧಪಟ್ಟ ಪಿಸಿಟಿ ಅರ್ಜಿಯಲ್ಲಿ ಸರ್ಚ್ ಮಾಡಲು ಭಾರತವನ್ನು ಆರಿಸಿದ್ದರೆ, ಅರ್ಜಿದಾರ ಯಾರೇ ಆಗಿರಲಿ, ಶೀಘ್ರ ಪರೀಕ್ಷೆ ಕೇಳಬಹುದು. ನೀವು ಭಾರತವನ್ನೇ ಆರಿಸಿದ್ದೀರಿ. ಬಹುಶಃ ಶುಲ್ಕ ಕಡಿಮೆ ಎಂದು ಆರಿಸಿದ್ದಿರಬಹುದು. ವ್ಯಕ್ತಿಗಳಿಗೆ ಅದು 2,500 ರೂಪಾಯಿ, ಯುರೋಪಿನ ಕಚೇರಿಯ ಪೂರ್ತಿ ಶುಲ್ಕ ಒಂದೂವರೆ ಲಕ್ಷ ದಾಟುತ್ತದೆ. ಯಾವ ಕಾರಣಕ್ಕಾದರೂ ಇರಲಿ, ಆ ಆಯ್ಕೆ ಈಗ ಕೈಹಿಡಿದಿದೆ.

ಆದ್ದರಿಂದ ಹೆಂಡತಿಯವರ ಹೆಸರು ಸೇರಿಸುವ ಅಗತ್ಯ ಇಲ್ಲ. ಅವರು ನಿಜವಾಗಿ ಈ ಕೆಲಸದಲ್ಲಿ ಪಾಲುದಾರರಾಗಿದ್ದರೆ, ಹಕ್ಕಿನಲ್ಲಿ ಪಾಲು ಕೊಡುವ ಮನಸ್ಸು ಇದ್ದರೆ ಧಾರಾಳವಾಗಿ ಸೇರಿಸಿ, ಸಂತೋಷ. ಬರೀ ವೇಗಕ್ಕೋಸ್ಕರ ಬೇಡ. ಅರ್ಜಿದಾರರು ಅಂದರೆ ಒಡೆಯರು. ಇಬ್ಬರು ಒಡೆಯರಿದ್ದರೆ ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಲೈಸೆನ್ಸ್ ಕೊಡುವ ಹಾಗಿಲ್ಲ, ಪಾಲು ಮಾರುವ ಹಾಗಿಲ್ಲ. ಕಾನೂನಿನ 50ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮನೆಯವರನ್ನು ಸುಮ್ನೆ ಒಂದು ಕಾಗದಕ್ಕೆ ಎಳೆಯಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಖರ್ಚು ಹೀಗಿದೆ. ನೀವು ಈಗಾಗಲೇ ಫಾರ್ಮ್ 18ಕ್ಕೆ 4,000 ರೂಪಾಯಿ ಕಟ್ಟಿದ್ದೀರಿ. ಅದನ್ನು ಶೀಘ್ರ ಪರೀಕ್ಷೆ ಕೇಳುವ ಫಾರ್ಮ್ 18ಎಗೆ ಬದಲಾಯಿಸಲು ಇನ್ನು 4,000. ಅರ್ಜಿ ಇನ್ನೂ ಪ್ರಕಟವಾಗಿಲ್ಲದಿದ್ದರೆ ಬೇಗ ಪ್ರಕಟಿಸಿ ಎಂದು ಫಾರ್ಮ್ 9 ಕೊಡಬೇಕು, ಅದಕ್ಕೆ 2,500. ಎಲ್ಲವೂ ಆನ್‌ಲೈನ್‌ನಲ್ಲೇ. ಇದು ಸರ್ಕಾರಿ ಶುಲ್ಕ, ಏಜೆಂಟರ ಫೀಸು ಬೇರೆ. ಆಮೇಲೆ ಅರ್ಜಿ ಪರೀಕ್ಷಕರ ಕೈಗೆ ಹೋದ ದಿನದಿಂದ ಅವರು ಒಂದು ತಿಂಗಳಲ್ಲಿ, ತಡವಾದರೆ ಎರಡು ತಿಂಗಳೊಳಗೆ ವರದಿ ಕೊಡಬೇಕು. ಅವರ ಮೇಲಧಿಕಾರಿ ಕಂಟ್ರೋಲರ್ ಅದನ್ನು ಒಂದು ತಿಂಗಳಲ್ಲಿ ನೋಡಬೇಕು. ನಂತರ ಹದಿನೈದು ದಿನದಲ್ಲಿ ಆಕ್ಷೇಪಣೆಗಳ ಪಟ್ಟಿ, ನಾವು ಎಫ್‌ಇಆರ್ ಅನ್ನುವುದು, ನಿಮಗೆ ಬರುತ್ತದೆ. ಉತ್ತರಕ್ಕೆ ಆರು ತಿಂಗಳು ಸಮಯವಿದೆ. ನಿಮ್ಮ ಕೊನೆಯ ಉತ್ತರ ತಲುಪಿದ ಮೂರು ತಿಂಗಳಲ್ಲಿ ಕಚೇರಿ ತೀರ್ಮಾನ ಮಾಡಬೇಕು. ನೀವು ಆರು ತಿಂಗಳು ಕಾಯದೆ ಒಂದೇ ತಿಂಗಳಲ್ಲಿ ಉತ್ತರಿಸಿದರೆ, ನಿಯಮದ ಲೆಕ್ಕದಲ್ಲಿ ವರ್ಷದೊಳಗೆ ಮುಗಿಯುವ ವಿಷಯ. ಆದರೆ ಪೀಣ್ಯದವರು ಮಂಜೂರಾತಿಗೆ ಮೊದಲೇ ತಕರಾರು ಅರ್ಜಿ ಹಾಕಿದರೆ ಆ ಮೂರು ತಿಂಗಳ ಗಡುವು ಅನ್ವಯಿಸುವುದಿಲ್ಲ. ಯಾರಾದರೂ 'ಗ್ಯಾರಂಟಿ ಆರು ತಿಂಗಳು' ಅಂದರೆ ನಂಬಬೇಡಿ. ಗ್ಯಾರಂಟಿ ಕೊಡುವುದು ಯಾರ ಕೈಯಲ್ಲೂ ಇಲ್ಲ.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಸರ್ಚ್ ರಿಪೋರ್ಟ್.

ಆ ಕಾಗದ ಮತ್ತೊಮ್ಮೆ ಕೈಗೆ ತೆಗೆದುಕೊಳ್ಳಿ. ಒಂದು ಪಟ್ಟಿಯಲ್ಲಿ ಮೂರು ಕಾಲಂ ಇದೆ. ಎಡಗಡೆ ಒಂದು ಅಕ್ಷರ, ನಡುವೆ ಹಳೆಯ ದಾಖಲೆಯ ಹೆಸರು, ಬಲಗಡೆ ನಿಮ್ಮ ಕ್ಲೇಮ್‌ನ ನಂಬರ್. ಎಕ್ಸ್ ಅಂದರೆ ಆ ಒಂದು ದಾಖಲೆಯೇ ಸಾಕು, ನಿಮ್ಮ ಕ್ಲೇಮ್ ಹೊಸದಲ್ಲ ಅಥವಾ ಅದರಲ್ಲಿ ಹೊಸ ಬುದ್ಧಿ ಇಲ್ಲ ಎಂದು ಹೇಳಲು. ವೈ ಅಂದರೆ ಇನ್ನೊಂದು ದಾಖಲೆ ಜೊತೆ ಸೇರಿಸಿ ಓದಿದರೆ ಹಾಗೆ. ಎ ಅಂದರೆ ಸುಮ್ಮನೆ ಹಿನ್ನೆಲೆ, ನಿಮಗೆ ತೊಂದರೆ ಇಲ್ಲ. ನಿಮ್ಮ ಮೊದಲ ಕ್ಲೇಮ್ 'ತೇಲುವ ಬಾಯಿಯಿಂದ ಎಣ್ಣೆ ಹೀರುವ ಸಾಧನ' ಎಂದಿದೆ. ತೇಲುವ ಬಾಯಿ ಹಳೆಯದು. ಬೆಲ್ಟಿನದು, ಡಿಸ್ಕಿನದು, ತೇಲುವುದು, ಎಲ್ಲ ತರದ ಆಯಿಲ್ ಸ್ಕಿಮ್ಮರ್ ಎಷ್ಟೋ ವರ್ಷದಿಂದ ಇವೆ. ನಿಮ್ಮ ಹೊಸತನ ಇರುವುದು ನಾಲ್ಕನೇ ಕ್ಲೇಮ್‌ನಲ್ಲಿ. ಲೋಹದ ಚೂರು ಬಂದು ಸಿಕ್ಕಿಕೊಳ್ಳದ ಹಾಗೆ ಬಾಯಿಯ ಸುತ್ತ ಓರೆಯಾಗಿ ಇಟ್ಟ ತಡೆ, ಟ್ಯಾಂಕಿನ ಮಟ್ಟ ಇಳಿದ ಹಾಗೆ ತಾನೇ ಸರಿಹೊಂದುವುದು. ಅದು ನಿಮ್ಮ ಮಗು. ಅದನ್ನು ಮೊದಲನೇ ಕ್ಲೇಮ್‌ಗೆ ತರಬೇಕು.

ಈ ತಿದ್ದುಪಡಿ ಮಾಡದೆ ಫಾಸ್ಟ್ ಟ್ರ್ಯಾಕ್ ಹಾಕಿದರೆ ಏನಾಗುತ್ತದೆ? ಈ ಸರ್ಚ್ ಮಾಡಿದ್ದೂ ನಮ್ಮದೇ ಕಚೇರಿ. ಪರೀಕ್ಷಕರು ಅದೇ ದಾಖಲೆ ಮುಂದಿಟ್ಟು ಅದೇ ಆಕ್ಷೇಪಣೆ ಬೇಗ ಕಳಿಸುತ್ತಾರೆ. ನನ್ನ ಒಬ್ಬ ಕಕ್ಷಿದಾರರು ಹೀಗೇ ಮಾಡಿದರು. ಎರಡೂವರೆ ತಿಂಗಳಲ್ಲಿ ಎಫ್‌ಇಆರ್ ಬಂತು, ಎಲ್ಲ ಕ್ಲೇಮ್ ಮೇಲೂ ಆಕ್ಷೇಪಣೆ. ಅವರಿಗೆ ಅದು ತಿರಸ್ಕಾರದ ಹಾಗೆ ಕಂಡು ಕೈಚೆಲ್ಲಿ ಕೂತರು. ಐದು ತಿಂಗಳು ಹಾಗೇ ಹೋಯಿತು. ಕೊನೇ ವಾರದಲ್ಲಿ ಓಡಿ ಬಂದರು. ಮೊದಲೇ ಕ್ಲೇಮ್ ಸರಿ ಮಾಡಿ ಹಾಕಿದ್ದರೆ ಅಷ್ಟು ಒದ್ದಾಡಬೇಕಿರಲಿಲ್ಲ. ನಿಮ್ಮದರಲ್ಲಿ ಫಾರ್ಮ್ 13ರ ಮೂಲಕ ಕ್ಲೇಮ್ ತಿದ್ದಿ, ಅದರ ಜೊತೆಗೇ 18ಎ ಹಾಕಿ. ತಿದ್ದುವಾಗ ಮೊದಲ ಅರ್ಜಿಯಲ್ಲಿ ಇಲ್ಲದ ಹೊಸ ವಿಷಯ ಸೇರಿಸುವ ಹಾಗಿಲ್ಲ, ಕ್ಲೇಮ್ ಕಿರಿದಾಗಬಹುದೇ ಹೊರತು ಹಿಗ್ಗುವ ಹಾಗಿಲ್ಲ ಅನ್ನುವುದು ನೆನಪಿರಲಿ. ಎಫ್‌ಇಆರ್ ಬಂದ ಮೂರು ತಿಂಗಳಲ್ಲಿ ಹೊರದೇಶದ ಅರ್ಜಿಗಳ ವಿವರವನ್ನು ಫಾರ್ಮ್ 3ರಲ್ಲಿ ಕೊಡಬೇಕು. ಆತುರದಲ್ಲಿ ಇದು ಮರೆತುಹೋಗುತ್ತದೆ.

ಆದರೆ ಇದೆಲ್ಲಕ್ಕಿಂತ ಮೊದಲು ಇನ್ನೊಂದು ಕೆಲಸ ಇದೆ. ನೀವು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿರುವ ಎರಡನೇ ಮಾದರಿ. ಹದಿನೆಂಟನೇ ತಿಂಗಳಿಗೆ ನಿಮ್ಮ ಪಿಸಿಟಿ ಅರ್ಜಿಯನ್ನು ವೈಪೋ ಪ್ರಕಟಿಸುತ್ತದೆ. ಫಾರ್ಮ್ 9 ಕೊಟ್ಟರೆ ಇಲ್ಲಿ ಇನ್ನೂ ಸ್ವಲ್ಪ ಮುಂಚೆ ಪ್ರಕಟ ಆಗಬಹುದು. ಆ ದಿನದಿಂದ ನಿಮ್ಮದೇ ಮೊದಲ ಅರ್ಜಿ, ನಿಮ್ಮದೇ ಎರಡನೇ ಮಾದರಿಗೆ ಎದುರಾಗಿ ನಿಲ್ಲುವ ಹಳೆಯ ದಾಖಲೆ ಆಗುತ್ತದೆ. ಹೊರದೇಶದ ಪರೀಕ್ಷಕರು 'ಇದರಿಂದ ಅದು ಯಾರಿಗಾದರೂ ಹೊಳೆಯುತ್ತಿತ್ತು' ಅನ್ನಬಹುದು. ನಮ್ಮ ಕಾನೂನಿನಲ್ಲಿ 'ಪೇಟೆಂಟ್ ಆಫ್ ಅಡಿಷನ್' ಎಂದು ಒಂದು ಅನುಕೂಲ ಇದೆ. ಅದರಲ್ಲಿ ಮೂಲ ಸಾಧನದ ಪ್ರಕಟಣೆ ತೋರಿಸಿ 'ಹೊಸ ಬುದ್ಧಿ ಇಲ್ಲ' ಎಂದು ತಳ್ಳಿಹಾಕುವ ಹಾಗಿಲ್ಲ. ಹೊರದೇಶದಲ್ಲಿ ಅದರ ರಕ್ಷಣೆ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ನೀವು ಈಗಾಗಲೇ ಮಾರಿದ ಯಂತ್ರಗಳು ಕೂಡ ಒಂದು ಮಟ್ಟಿಗೆ ಬಹಿರಂಗವೇ. ಆದರೆ ಅರ್ಜಿ ಪ್ರಕಟವಾದರೆ ಒಳಗಿನ ಅಷ್ಟೂ ವಿವರ, ಚಿತ್ರದ ಸಮೇತ, ಎಲ್ಲರ ಕೈಗೆ ಸಿಗುತ್ತದೆ. ಹಾಗಾಗಿ ಎರಡನೇ ಮಾದರಿಗೆ ಮೊದಲು ಅರ್ಜಿ ಹಾಕಿ. ಆಮೇಲೆ ಫಾರ್ಮ್ 9. ಈ ಕ್ರಮ ತಿರುಗುಮುರುಗು ಆಗಬಾರದು.

ಪ್ರಕಟಣೆಗೆ ಹೆದರಬೇಕಿಲ್ಲ, ಅದರಿಂದ ಲಾಭವೂ ಇದೆ. ಪೇಟೆಂಟ್ ಸಿಗುವ ಮೊದಲು ಪೀಣ್ಯದವರ ಮೇಲೆ ದಾವೆ ಹಾಕಲು ಆಗುವುದಿಲ್ಲ. ಆದರೆ ಸಿಕ್ಕ ಮೇಲೆ ನಷ್ಟ ಪರಿಹಾರವನ್ನು ಅರ್ಜಿ ಪ್ರಕಟವಾದ ದಿನದಿಂದ ಕೇಳಬಹುದು. ಅವರು ಮಾರುತ್ತಿರುವುದರ ಬಿಲ್, ಫೋಟೋ, ಕ್ಯಾಟಲಾಗ್ ಸಿಕ್ಕರೆ ಈಗಿನಿಂದಲೇ ತಾರೀಖು ಸಮೇತ ಜೋಪಾನವಾಗಿ ಇಡಿ. ಅವರ ಯಂತ್ರದಲ್ಲಿ ನಿಮ್ಮ ಆ ಓರೆ ತಡೆ ಇದೆಯಾ ನೋಡಿ. ಇಲ್ಲದಿದ್ದರೆ, ಬರೀ ತೇಲುವ ಬಾಯಿ ಮಾತ್ರ ಇದ್ದರೆ, ಕ್ಲೇಮ್ ತಿದ್ದಿದ ಮೇಲೆ ಅದು ನಕಲು ಅನ್ನಿಸಿಕೊಳ್ಳುವುದಿಲ್ಲ. ಕೇಳಲು ಕಷ್ಟ, ಗೊತ್ತು. ಆದರೂ ದಾವೆಗೆ ದುಡ್ಡು ಸುರಿಯುವ ಮೊದಲು ಗೊತ್ತಾಗುವುದೇ ಒಳ್ಳೆಯದು.

ಇನ್ನು ಹೊರದೇಶ. ಇಂಗ್ಲೆಂಡಿಗೆ ನಿಜವಾಗಿಯೂ ಒಂದು ಫಾಸ್ಟ್ ಟ್ರ್ಯಾಕ್ ಇದೆ. 2010ರಿಂದ ನಡೆಯುತ್ತಿದೆ, ಅದಕ್ಕೆ ಪ್ರತ್ಯೇಕ ಶುಲ್ಕ ಇಲ್ಲ. ಪಿಸಿಟಿ ಹಂತದಲ್ಲಿ ನಿಮ್ಮ ಕ್ಲೇಮ್‌ಗಳಿಗೆ ಅನುಕೂಲವಾದ ವರದಿ ಬಂದಿದ್ದರೆ, ಆ ವರದಿ ತೋರಿಸಿ ಅಲ್ಲಿನ ಕಚೇರಿಗೆ 'ನನ್ನದನ್ನು ಬೇಗ ನೋಡಿ' ಎಂದು ಕೇಳಬಹುದು. ಈಗ ನಿಮ್ಮ ಕೈಯಲ್ಲಿರುವ ವರದಿ ಅರ್ಧ ಸಿಹಿ, ಅರ್ಧ ಕಹಿ. ಅದನ್ನು ಪೂರ್ತಿ ಸರಿ ಮಾಡಿಸಿಕೊಳ್ಳಲು ಪಿಸಿಟಿಯಲ್ಲೇ ಎರಡನೇ ಅಧ್ಯಾಯ ಎಂಬ ದಾರಿ ಇದೆ, ಕ್ಲೇಮ್ ತಿದ್ದಿ ಇನ್ನೊಮ್ಮೆ ವರದಿ ಕೇಳುವುದು. ಮೊದಲ ಅರ್ಜಿಯಿಂದ 22 ತಿಂಗಳು ಅಥವಾ ಸರ್ಚ್ ರಿಪೋರ್ಟ್ ಕಳಿಸಿದ ದಿನದಿಂದ ಮೂರು ತಿಂಗಳು, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಬೇಡಿಕೆ ಸಲ್ಲಿಸಬಹುದು. ನಿಮಗೆ ಇನ್ನೂ ಸುಮಾರು ಐದು ತಿಂಗಳು ಇದೆ. ತಿದ್ದಿದ ಕ್ಲೇಮ್ ಕೊಟ್ಟು, ಎಕ್ಸ್ ಹಾಕಿದ ದಾಖಲೆಗೆ ಸರಿಯಾದ ಉತ್ತರ ಬರೆಯಿರಿ. ಆ ವರದಿ ಸಾಮಾನ್ಯವಾಗಿ 28ನೇ ತಿಂಗಳ ಹೊತ್ತಿಗೆ ಬರಬೇಕು. ಒಳ್ಳೆಯದು ಬಂದರೆ 31ರೊಳಗೆ ಇಂಗ್ಲೆಂಡಿಗೆ ಹೋಗಿ ಫಾಸ್ಟ್ ಟ್ರ್ಯಾಕ್ ಕೇಳಿ. ಅನುವಾದದ ಖರ್ಚು ಇಲ್ಲ, ಕಚೇರಿ ಶುಲ್ಕ ಕೆಲವು ನೂರು ಪೌಂಡ್. ಅಲ್ಲಿನ ವಿಳಾಸ ಇರುವ ಪ್ರತಿನಿಧಿ ಬೇಕಾಗುತ್ತಾರೆ, ದೊಡ್ಡ ಖರ್ಚು ಅದೇ. ಇದರ ಅಪಾಯ ಏನೆಂದರೆ ಎರಡನೇ ವರದಿಯೂ ಒಪ್ಪದೇ ಇರಬಹುದು. ಆಗ ಫಾಸ್ಟ್ ಟ್ರ್ಯಾಕ್ ಇಲ್ಲ, ಸಾಮಾನ್ಯ ಸಾಲಿನಲ್ಲಿ ನಿಲ್ಲಬೇಕು. ಆದರೆ ಹಕ್ಕು ಏನೂ ಹೋಗುವುದಿಲ್ಲ.

ಡೀಲರ್ ಅಷ್ಟು ದಿನ ಕಾಯುವುದಿಲ್ಲ ಅನ್ನುವಿರಾ? 31 ತಿಂಗಳು ತುಂಬುವವರೆಗೆ ಕಾಯಲೇಬೇಕು ಅಂತಿಲ್ಲ. ಸ್ಪಷ್ಟವಾಗಿ ಕೇಳಿಕೊಂಡರೆ ಮೊದಲೇ ಆ ದೇಶದಲ್ಲಿ ಪರೀಕ್ಷೆ ಶುರು ಮಾಡಿಸಬಹುದು. ಆಗ ಖರ್ಚೂ ಮೊದಲೇ ಬರುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಡೀಲರ್‌ಗೆ ಪಿಸಿಟಿ ಅರ್ಜಿಯ ನಂಬರ್ ಕೊಟ್ಟು, 'ಅರ್ಜಿ ಬಾಕಿ ಇದೆ, ಇಂಗ್ಲೆಂಡ್ ಸೇರಿದೆ' ಎಂದು ಬರೆದು, ಅವರು ಖರೀದಿ ಆರ್ಡರ್ ಕೊಟ್ಟ ದಿನ ಅಲ್ಲಿಗೆ ಅರ್ಜಿ ಹಾಕುತ್ತಿದ್ದೆ. ಆರ್ಡರ್ ಇಲ್ಲದೆ ಬರೀ ಪ್ರಶ್ನೆ ಕೇಳುವವರಿಗಾಗಿ ಲಕ್ಷ ಖರ್ಚು ಮಾಡುವುದು ನಿಮ್ಮಂಥ ಶೆಡ್‌ಗೆ ಭಾರ.

ಜಪಾನಿಗೆ ಇನ್ನೂ ಸಮಾಧಾನವಾಗಿ ಹೋಗಿ. ಅಲ್ಲಿ ಜಪಾನಿ ಭಾಷೆಗೆ ಅನುವಾದ ಬೇಕು. ದುಬಾರಿ. ಬೇರೆ ದೇಶದಲ್ಲೂ ಅರ್ಜಿ ಇರುವವರಿಗೆ ಶೀಘ್ರ ಪರೀಕ್ಷೆ ಕೇಳುವ ಅವಕಾಶ ಅಲ್ಲಿ ಇದೆ, ಅದಕ್ಕೆ ಕಚೇರಿ ಶುಲ್ಕ ತೆಗೆದುಕೊಳ್ಳುವುದಿಲ್ಲ. ಭಾರತ ಮತ್ತು ಜಪಾನ್ ನಡುವೆ 2019ರ ಡಿಸೆಂಬರ್‌ನಲ್ಲಿ ಪಿಪಿಎಚ್ ಎಂಬ ಏರ್ಪಾಡನ್ನೂ ಪ್ರಾಯೋಗಿಕವಾಗಿ ಶುರು ಮಾಡಿದರು. ಒಂದು ಕಚೇರಿ ಒಪ್ಪಿದ ಕ್ಲೇಮ್ ತೋರಿಸಿ ಇನ್ನೊಂದರಲ್ಲಿ ಬೇಗ ಪರೀಕ್ಷೆ ಕೇಳುವುದು. ವರ್ಷಕ್ಕೆ ಇಂತಿಷ್ಟೇ ಅರ್ಜಿ ಎಂಬ ಮಿತಿ ಇಟ್ಟಿದ್ದರು. ಎರಡರಲ್ಲಿ ಯಾವುದೇ ಇರಲಿ, ಚೆನ್ನೈನಲ್ಲಿ ನಿಮ್ಮ ಕ್ಲೇಮ್ ಮೊದಲು ಒಪ್ಪಿಗೆ ಆಗಿದ್ದರೆ ಮಾತು ಗಟ್ಟಿಯಾಗುತ್ತದೆ. ನಿಮ್ಮ ಪರಿಚಯದವರ ಪಟ್ಟಿಯಲ್ಲಿ ಅಮೆರಿಕ, ಯುರೋಪ್ ಕೂಡ ಇದ್ದವು. ಅಲ್ಲಿ ನಿಮಗೆ ಒಬ್ಬ ಗಿರಾಕಿಯೂ ಇಲ್ಲ. ಈಗ ಬಿಡಿ.

ಆ ಪರಿಚಯದವರು ನೋಂದಾಯಿತ ಪೇಟೆಂಟ್ ಏಜೆಂಟ್ ಹೌದಾ ಎಂದು ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿರುವ ಏಜೆಂಟರ ಪಟ್ಟಿ ನೋಡಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ತುಮಕೂರಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಯಶವಂತಪುರದಲ್ಲಿ ಇಳಿದು ಹೋಗಿ ಸಂಜೆಗೆ ವಾಪಸ್ ಬರಬಹುದು.

ಇನ್ನೆರಡು ಸಣ್ಣ ವಿಷಯ. ನಿಮ್ಮ ಯಂತ್ರದ ಫೋಟೋದಲ್ಲಿ ಹಳದಿ ಸ್ಟಿಕ್ಕರ್ ಮೇಲೆ 'ಇಂಟರ್‌ನ್ಯಾಷನಲಿ ಪೇಟೆಂಟೆಡ್' ಎಂದು ಕಂಡಿತು. ಅದನ್ನು ಇವತ್ತೇ ತೆಗೆಸಿ. ಪೇಟೆಂಟ್ ಸಿಗದೆ ಸಿಕ್ಕಿದೆ ಎಂದು ಬರೆದರೆ ಹತ್ತು ಲಕ್ಷ ರೂಪಾಯಿವರೆಗೂ ದಂಡ ಹಾಕಬಹುದು. 'ಪೇಟೆಂಟ್ ಅರ್ಜಿ ಸಲ್ಲಿಸಲಾಗಿದೆ' ಎಂದು ಬರೆದು ಪಕ್ಕದಲ್ಲಿ ಅರ್ಜಿ ನಂಬರ್ ಹಾಕಿ. ನೋಡುವವರಿಗೆ ಅದೂ ಎಚ್ಚರಿಕೆಯೇ.

ಮತ್ತೆ, ಪಿಸಿಟಿ ಅರ್ಜಿ ಪ್ರಕಟವಾಗುವಾಗ ನಿಮ್ಮ ಹೆಸರು, ಶೆಡ್ ವಿಳಾಸ ಅದರಲ್ಲಿ ಇರುತ್ತದೆ. ಕೆಲವೇ ವಾರದಲ್ಲಿ ಹೊರದೇಶದಿಂದ ದಪ್ಪ ಲಕೋಟೆ ಬರಬಹುದು. ಒಳಗೆ ಸರ್ಕಾರಿ ನೋಟಿಸಿನ ಹಾಗೆಯೇ ಕಾಣುವ ಕಾಗದ, ನಿಮ್ಮ ಅರ್ಜಿ ನಂಬರ್, ಸೀಲು, 'ಪ್ರಕಟಣೆ ನೋಂದಣಿ ಶುಲ್ಕ' ಎಂದು ದೊಡ್ಡ ಮೊತ್ತ, ಕಟ್ಟಲು ಕೊನೇ ದಿನ. ಇದು ಮೋಸ. ವೈಪೋ ತನ್ನ ಜಾಲತಾಣದಲ್ಲೇ ಇಂಥ ಕಾಗದಗಳ ಬಗ್ಗೆ ಎಚ್ಚರಿಸಿದೆ. ಪ್ರಕಟಣೆಗೆ ಬೇರೆ ಶುಲ್ಕ ಇಲ್ಲವೇ ಇಲ್ಲ. ನಿಮ್ಮ ಅಕೌಂಟ್ಸ್ ನೋಡುವ ಹುಡುಗನಿಗೂ ಈಗಲೇ ಹೇಳಿಡಿ, ಅಂಥದ್ದು ಬಂದರೆ ಕಟ್ಟದೆ ನೇರ ನಿಮ್ಮ ಮೇಜಿನ ಮೇಲೆ ತಂದಿಡಲಿ.